ಹದಿನೇಳು ಬಣ್ಣ ಆಮೇಲೆ, ಮೊದ್ಲು ಲೆಕ್ಕ ನೋಡು

ಪುಟ್ಟಿ,

ನೀನು ಕಳ್ಸಿದ ಸಸ್ಟೈನಬಿಲಿಟಿ ರಿಪೋರ್ಟ್ ಡ್ರಾಫ್ಟ್ ಪೂರ್ತಿ ಓದ್ದೆ. ಎನರ್ಜಿ ಕಂಪನಿಲಿ ನಿಂಗೆ ಈ ಕೆಲ್ಸ ಸಿಕ್ಕಿದ್ದು ಖುಷಿನೇ, ಆದ್ರೆ ದೊಡ್ಡಪ್ಪ ಬರೀ ಹೊಗಳೋಕೆ ಕಾಗದ ಬರೆಯೋನಲ್ಲ ಅಂತ ನಿಂಗೂ ಗೊತ್ತಲ್ಲ. ಆ ಮೂರನೇ ಪೇಜಲ್ಲಿ ವಿಶ್ವಸಂಸ್ಥೆಯ ಹದಿನೇಳು ಸುಸ್ಥಿರ ಅಭಿವೃದ್ಧಿ ಗುರಿಗಳ ಬಣ್ಣದ ಚೌಕ ಎಲ್ಲಾ ಹಾಕಿ ಒಂದೊಂದರ ಕೆಳಗೂ ‘ನಮ್ಮ ಕಂಪನಿ ಇದಕ್ಕೂ ಬದ್ಧ’ ಅಂತ ಬರ್ದಿದೀಯಲ್ಲ, ಅದನ್ನ ಮೊದ್ಲು ತೆಗ್ದುಹಾಕು ಮಾರಾಯ್ತಿ.

2015ರ ಸೆಪ್ಟೆಂಬರಲ್ಲಿ ವಿಶ್ವಸಂಸ್ಥೆಲಿ 193 ದೇಶಗಳು ಒಪ್ಕೊಂಡಿದ್ದು ಬರೀ 17 ಚೌಕ ಅಲ್ಲ, ಅದ್ರೊಳಗೆ 169 ಟಾರ್ಗೆಟ್ ಇದೆ, ಹೆಚ್ಚಿನವಕ್ಕೆ 2030 ಗಡುವು. ಅವೆಲ್ಲ ಸರ್ಕಾರಗಳಿಗೆ ಅಂತ ಬರ್ದಿದ್ದು, ಕಂಪನಿ ತನ್ನ ಪಾಲು ಇಷ್ಟು ಅಂತ ಹೇಳ್ಬೇಕಾದ್ರೆ ಚೌಕ ಬಿಟ್ಟು ಟಾರ್ಗೆಟ್ ನಂಬರಿಗೆ ಇಳೀಬೇಕು. ಏಳನೇ ಗುರಿನೇ ತಗೋ, ಇಂಧನದ್ದು, ನಿಮ್ಮ ಕಸುಬೇ ಅದು. ಅದ್ರೊಳಗಿನ ಟಾರ್ಗೆಟ್ 7.1 ಅಂದ್ರೆ ಎಲ್ಲರಿಗೂ ಕೈಗೆಟುಕೋ ಬೆಲೇಲಿ ನಂಬಬಹುದಾದ ಕರೆಂಟು, ಅಡುಗೆಗೆ ಹೊಗೆ ಇಲ್ಲದ ಇಂಧನ. ಜಗತ್ತಲ್ಲಿ ಇನ್ನೂ 60 ಕೋಟಿಗೂ ಜಾಸ್ತಿ ಜನಕ್ಕೆ ಕರೆಂಟಿಲ್ಲ, ಸುಮಾರು 200 ಕೋಟಿ ಜನ ಸೌದೆ, ಸಗಣಿ, ಇದ್ದಿಲು ಅಂತ ಹೊಗೇಲೇ ಬೇಯಿಸ್ತಿದಾರೆ. ಈಗಾಗ್ಲೇ ಕರೆಂಟ್ ಇರೋರಿಗೆ ಇನ್ನಷ್ಟು ಮಾರಿದ್ದನ್ನ 7.1ರ ಲೆಕ್ಕಕ್ಕೆ ಸೇರಿಸ್ಬೇಡ. ಹೊಸ ಕನೆಕ್ಷನ್ ಎಷ್ಟು, ಕೊಟ್ಟ ಮೇಲೆ ದಿನಕ್ಕೆ ಎಷ್ಟು ಗಂಟೆ ಸಪ್ಲೈ ಇದೆ, ಒಂದು ವರ್ಷ ಆದ್ಮೇಲೂ ಅವರು ಬಿಲ್ ಕಟ್ಟೋಕಾಗ್ತಿದ್ಯಾ, ಇದನ್ನ ಹಾಕು. ಕಂಬ ನೆಟ್ಟು ಫೋಟೋ ತೆಗೆಯೋದು ಸುಲಭ.

ಇನ್ನು ಹದಿಮೂರು, ಹವಾಮಾನದ್ದು. ನೀನು ಆಫೀಸ್ ಮೇಲೆ ಸೋಲಾರ್ ಹಾಕಿದ್ದಕ್ಕೆ ಅರ್ಧ ಪೇಜ್ ಕೊಟ್ಟಿದೀಯ. ಭೂಮಿ ಬಿಸಿ ಮಾಡೋ ಅನಿಲ ಕಂಪನಿಯಿಂದ ಎಷ್ಟು ಹೊರಗೆ ಹೋಯ್ತು ಅನ್ನೋದಕ್ಕೆ ಸ್ಕೋಪ್ 1, ಸ್ಕೋಪ್ 2, ಸ್ಕೋಪ್ 3 ಅಂತ ಮೂರು ಲೆಕ್ಕ ಇರುತ್ತಲ್ಲ, ಮೊದಲ್ನೇದು ಕಂಪನಿ ತಾನೇ ಸುಟ್ಟಿದ್ದು ಸೋರಿಸಿದ್ದು, ಎರಡನೇದು ಕೊಂಡ ಕರೆಂಟಿಂದು, ಮೂರನೇದ್ರಲ್ಲಿ ಗಿರಾಕಿ ಸುಡೋ ಇಂಧನ ಎಲ್ಲಾ ಬರುತ್ತೆ. ಎಣ್ಣೆ, ಗ್ಯಾಸ್ ಮಾರೋ ಕಂಪನಿಗಳಲ್ಲಿ ಸಿಂಹಪಾಲು ಇರೋದೇ ಆ ಮೂರನೇದ್ರಲ್ಲಿ, ನಿನ್ನ ಡ್ರಾಫ್ಟಲ್ಲಿ ಅದೇ ಇಲ್ಲ! ಮ್ಯಾನೇಜರ್ ಬೇಡ ಅಂದ್ರೂ ಒಂದ್ಸಲ ಕೇಳಿ ನೋಡು, ಬೇಡ ಅಂದಿದ್ದನ್ನ ಮೇಲ್‌ನಲ್ಲೇ ಬರೆಸ್ಕೋ.

ಮೀಥೇನ್, ಅಂದ್ರೆ ನೈಸರ್ಗಿಕ ಅನಿಲದ ಮುಖ್ಯ ಭಾಗ, ಅದ್ರ ಬಗ್ಗೆ ಮಾತ್ರ ನಾನು ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಪ್ಲಾಂಟಲ್ಲಿ ಸವೆದ ಕೈ ಇದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ವಾಲ್ವ್ ಪಕ್ಕದಲ್ಲೇ ನಿಂತಿದ್ರೂ ಗೊತ್ತಾಗಲ್ಲ, ಅದೇ ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿದ್ರೆ ಪೈಪ್ ಜೋಡಿಸೋ ಫ್ಲ್ಯಾಂಜ್ ಸಂದಿಯಿಂದ ಅಗರಬತ್ತಿ ಹೊಗೆ ಥರ ಎಳೆ ಎಳೆಯಾಗಿ ಏಳ್ತಿರುತ್ತೆ. ಎಷ್ಟೋ ಸಲ ಬೋಲ್ಟ್ ಬಿಗಿ ಮಾಡಿದ್ರೆ, ಗ್ಯಾಸ್ಕೆಟ್ ಬದಲಾಯ್ಸಿದ್ರೆ ಮುಗೀತು, ಉಳಿದ ಗ್ಯಾಸನ್ನ ಮಾರಬಹುದು ಕೂಡ. 20 ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಶಾಖ ಹಿಡಿಯುತ್ತೆ. 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಎಷ್ಟೋ ದೇಶಗಳು ಸೇರಿ 2020ಕ್ಕೆ ಹೋಲಿಸಿ 2030ರೊಳಗೆ ಜಾಗತಿಕ ಮೀಥೇನನ್ನ ಶೇ. 30 ಇಳಿಸ್ತೀವಿ ಅಂದಿದ್ದು ಇದಕ್ಕೇ. ಫ್ಲೇರ್, ಅಂದ್ರೆ ಬೇಡದ ಗ್ಯಾಸ್ ಸುಡೋ ಚಿಮಣಿ, ಅದ್ರ ಬಗ್ಗೆನೂ ಕೇಳು, ಎಷ್ಟು ಸುಟ್ರಿ ಅಂತ ಅಷ್ಟೇ ಅಲ್ಲ, ಅದನ್ನ ಹೊತ್ತಿಸೋ ಸಣ್ಣ ಪೈಲಟ್ ಉರಿ ಆರಿ ಹೋಗಿ ಗ್ಯಾಸ್ ಹಾಗೇ ಆಕಾಶಕ್ಕೆ ಹೋದ ಗಂಟೆಗಳು ಎಷ್ಟು ಅಂತನೂ, ಅದು ಉರಿಯೋದಕ್ಕಿಂತ ಕೆಟ್ಟದ್ದು. ಶಿಫ್ಟ್ ಲಾಗ್‌ಬುಕ್ಕಲ್ಲಿ ಇರುತ್ತೆ, ಪಿಪಿಟಿಲಿ ಇರಲ್ಲ.

ಕಂಪನಿಗಳು ಬದಲಾಗೋದೇ ಇಲ್ಲ ಅಂತೇನೂ ನಾನು ಹೇಳ್ತಿಲ್ಲ. ಡೆನ್ಮಾರ್ಕಿನ ಓರ್ಸ್ಟೆಡ್ ನೋಡು, ಮೊದ್ಲು ಅದ್ರ ಹೆಸರಲ್ಲೇ ಎಣ್ಣೆ, ಗ್ಯಾಸ್ ಇತ್ತು, 2017ರಲ್ಲಿ ಆ ವ್ಯವಹಾರ ಮಾರಿ, ಹೆಸರೂ ಬದಲಾಯ್ಸಿ ಸಮುದ್ರದ ಗಾಳಿ ವಿದ್ಯುತ್ತಿಗೆ ದುಡ್ಡು ಸುರೀತು. (ಮಾರಿದ ಬಾವಿ ಮುಚ್ಚಿದ ಹಾಗಲ್ಲ ಅನ್ನೋದೂ ನೆನಪಿರ್ಲಿ, ಕೊಂಡವರು ತೆಗೀತಾರೆ, ಭೂಮಿಗೆ ಲಾಭ ಏನು?) ನಾನಾದ್ರೆ ಯಾವುದೇ ಕಂಪನಿ ರಿಪೋರ್ಟಲ್ಲಿ ಮೊದ್ಲು ನೋಡೋದು ಕ್ಯಾಪೆಕ್ಸ್, ಈ ವರ್ಷ ಹಾಕಿದ ಬಂಡವಾಳದಲ್ಲಿ ಹೊಸ ಬಾವಿಗೆ ಎಷ್ಟು, ಗಾಳಿ, ಸೋಲಾರ್, ಗ್ರಿಡ್‌ಗೆ ಎಷ್ಟು. ಶಾಲೆಗೆ ಬೆಂಚು ಕೊಟ್ಟಿದ್ದು ಒಳ್ಳೇದೇ, ಅದನ್ನ ಕೊನೇ ಪೇಜಿಗೆ ಹಾಕು.

ಕೆಡಿಸಿದ್ದನ್ನೂ ಬರಿ. ಥರ್ಮಲ್ ಪ್ಲಾಂಟಿಗೆ ಕೂಲಿಂಗ್‌ಗೆ ಎಷ್ಟು ನೀರು ಎಳೀತೀರ, ಅದ್ರಲ್ಲಿ ಆವಿ ಆಗಿದ್ದೆಷ್ಟು, ವಾಪಸ್ ನದಿಗೆ ಬಿಟ್ಟಿದ್ದು ಎಷ್ಟು ಬಿಸಿ, ಇದು ಆರನೇ ಗುರಿ, ನೀರಿಂದು. ಸೋಲಾರ್ ಪಾರ್ಕಿಗೆ ಯಾರ ಮೇವಿನ ಜಮೀನು ಹೋಯ್ತು ಅನ್ನೋದೂ ಬರ್ಬೇಕು, ಕ್ಲೀನ್ ಎನರ್ಜಿ ಅಂದಾಕ್ಷಣ ಎಲ್ಲಾ ಮಾಫಿ ಅಲ್ಲ.

ಎಂಟನೇ ಗುರಿ, ಅಂದ್ರೆ ಒಳ್ಳೇ ಕೆಲ್ಸದ್ದು, ಆ ಜಾಗದಲ್ಲಿ ‘ಇಂಜುರಿ ಸೊನ್ನೆ’ ಅಂತ ಹಾಕಿದೀಯ. ಅದು ಪರ್ಮನೆಂಟ್ ನೌಕರರದ್ದು ಮಾತ್ರನಾ ಅಥವಾ ಕಾಂಟ್ರಾಕ್ಟ್ ಕಾರ್ಮಿಕರೂ ಸೇರಿನಾ? ಎತ್ತರಕ್ಕೆ ಹತ್ತೋರು, ಟ್ಯಾಂಕೊಳಗೆ ಇಳಿಯೋರು ಹೆಚ್ಚಾಗಿ ಅವರೇ. ಎಚ್‌ಆರ್ ಹತ್ರ ಆ ಪಟ್ಟಿ ಸಿಗದೇ ಇರಬಹುದು, ಸೇಫ್ಟಿ ಆಫೀಸರ್ ಹತ್ರ ಅಪಾಯದ ಕೆಲ್ಸಕ್ಕೆ ಅನುಮತಿ ಕೊಟ್ಟ ಪರ್ಮಿಟ್ ರಿಜಿಸ್ಟರು, ಫಸ್ಟ್ ಏಡ್ ರಿಜಿಸ್ಟರು ಎರಡೂ ಕೇಳಿ ಪಕ್ಕಪಕ್ಕ ಇಟ್ಟು ನೋಡು, ಆಮೇಲೆ ಆ ಸೊನ್ನೆ ಇಟ್ಕೋಬೇಕಾ ಅಂತ ನಂಗೆ ಫೋನ್ ಮಾಡು.

ನಿನ್ನ ದೊಡ್ಡಪ್ಪ