ಏಳನೇ ಅಧ್ಯಾಯದ ಕೂದಲು

ಪ್ರೀತಿಯ ತಂಗಿ,

ನಿನ್ನ ಪತ್ತೇದಾರಿ ಕಾದಂಬರಿಯನ್ನು ಎರಡು ಸಲ ಓದಿದೆ. "ಚೆನ್ನಾಗಿಲ್ಲ ಅಂದರೆ ಹರಿದು ಹಾಕಿ" ಅಂತ ಚೀಟಿ ಬೇರೆ ಇಟ್ಟಿದ್ದೀಯ. ಹರಿಯುವುದಿಲ್ಲ, ಸುಮ್ನಿರು. ಅಧ್ಯಾಯ ಎಷ್ಟುದ್ದ ಇರಬೇಕು, ಯಾವ ಪ್ರಕಾಶಕರಿಗೆ ಕಳಿಸಬೇಕು ಅಂತೆಲ್ಲ ಕೇಳಿದ್ದೀಯಲ್ಲ, ಅದನ್ನು ಯಾರು ಬೇಕಾದರೂ ಹೇಳುತ್ತಾರೆ. ನನ್ನ ಜಗಳ ಏಳನೇ ಅಧ್ಯಾಯದ ಆ ಕೂದಲಿನ ಜೊತೆ.

ಸೋಫಾದ ಮೇಲೆ ಒಂದು ಕೂದಲು ಸಿಗುತ್ತದೆ. ಲ್ಯಾಬಿಗೆ ಹೋಗುತ್ತದೆ. ಮರುಸಾಲಿನಲ್ಲೇ "ಇವನೇ ಕೊಲೆಗಾರ!" ಯಾಕಮ್ಮಾ ಇಷ್ಟು ಅವಸರ? ಬುಡವಿಲ್ಲದೆ ಉದುರಿದ ಕೂದಲಲ್ಲಿ ಸಾಮಾನ್ಯವಾಗಿ ಸಿಗುವುದು ತಾಯಿಯಿಂದ ಬರುವ ಮೈಟೋಕಾಂಡ್ರಿಯಾದ ಡಿಎನ್ಎ. ಒಬ್ಬ ತಾಯಿಯ ಮಕ್ಕಳಲ್ಲೆಲ್ಲ ಅದು ಒಂದೇ. ನಿನ್ನ ಕಥೆಯಲ್ಲೋ ಅವನಿಗೆ ಇಬ್ಬರು ತಮ್ಮಂದಿರಿದ್ದಾರೆ! ಹೋಗಲಿ, ಅವನದೇ ಅಂತ ಇಟ್ಟುಕೊ. ಅವನು ಅಲ್ಲಿಗೆ ಬಂದಿದ್ದ ಅಂತಲೂ ಆಗುವುದಿಲ್ಲ. ಬೇರೆಯವರ ಬಟ್ಟೆಗೆ ಅಂಟಿಕೊಂಡು ಬಂದಿರಬಹುದು, ಅಲ್ವಾ?

ಫ್ರಾನ್ಸಿನ ಲಿಯೋನ್‌ನಲ್ಲಿ 1910ರಲ್ಲಿ ಪೊಲೀಸ್ ಪ್ರಯೋಗಾಲಯ ಶುರು ಮಾಡಿದ ಎಡ್ಮಂಡ್ ಲೊಕಾರ್‌ನ ತತ್ವ ನಿನಗೂ ಗೊತ್ತಿದೆ, ಮೊದಲ ಪುಟದಲ್ಲೇ ತಂದಿದ್ದೀಯ. ಎರಡು ವಸ್ತು ತಾಗಿದರೆ ಒಂದರದ್ದು ಇನ್ನೊಂದಕ್ಕೆ ಹತ್ತುತ್ತದೆ. ಸರಿ. ಆದರೆ ಅದು ಕೊಲೆಗಾರನಿಗೆ ಮಾತ್ರವಲ್ಲ, ಸಾಕ್ಷ್ಯ ಎತ್ತುವವರಿಗೂ ಅನ್ವಯಿಸುತ್ತದೆ.

ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ಗಳಲ್ಲಿ ಪೊಲೀಸರು ವರ್ಷಗಟ್ಟಲೆ ಒಬ್ಬ ಹೆಂಗಸನ್ನು ಹುಡುಕಿದರು. ಕೊಲೆ, ಕಳ್ಳತನ ಅಂತ ಸುಮಾರು 40 ಕಡೆ ಅವಳ ಡಿಎನ್ಎ ಸಿಕ್ಕಿತ್ತು. 2007ರಲ್ಲಿ ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ ಪೊಲೀಸ್ ಅಧಿಕಾರಿಯೊಬ್ಬರ ಕೊಲೆಯಾದಾಗಲೂ ಅವಳದೇ. ಅವಳ ಮುಖ ಮಾತ್ರ ಯಾರೂ ಕಂಡಿರಲಿಲ್ಲ. ಕೊನೆಗೆ 2009ರಲ್ಲಿ ಗುಟ್ಟು ಬಯಲಾಯಿತು. ಆ ಡಿಎನ್ಎ, ಮಾದರಿ ಒರೆಸಿ ತೆಗೆಯುವ ಹತ್ತಿಕಡ್ಡಿ ತಯಾರಿಯಲ್ಲಿ ಕೆಲಸ ಮಾಡಿದ ಹೆಂಗಸಿನದು! ಕಡ್ಡಿಯಲ್ಲಿ ರೋಗಾಣು ಇರಲಿಲ್ಲ, ನಿಜ. ರೋಗಾಣು ಸತ್ತರೆ ಡಿಎನ್ಎ ಹೋಯಿತು ಅಂತ ಅರ್ಥವಲ್ಲ. ಪ್ರತಿ ಸಲವೂ ಪೊಲೀಸರೇ ಅವಳನ್ನು ಅಲ್ಲಿಗೆ ಕರೆದೊಯ್ದಿದ್ದರು.

ನೀನು ಮಾಡಿರುವುದೂ ಅದನ್ನೇ. ಕೊಲೆಗಾರ ಯಾರೆಂದು ನಿನಗೆ ಮೊದಲೇ ಗೊತ್ತು, ಅದಕ್ಕೇ ಕೂದಲು ಅಷ್ಟು ಜಾಸ್ತಿ ಮಾತಾಡುತ್ತದೆ. ನಿನ್ನ ಡಾಕ್ಟರು ಹೆಣ ಮುಟ್ಟಿ "ಸತ್ತಿದ್ದು ರಾತ್ರಿ 10 ಗಂಟೆ 20 ನಿಮಿಷಕ್ಕೆ" ಅನ್ನುತ್ತಾರಲ್ಲ, ಅದೂ ಇದೇ ರೋಗ. ಹೆಣ ತಣ್ಣಗಾಗುವುದು, ಸೆಟೆಯುವುದು ಎಲ್ಲ ಕೋಣೆಯ ಬಿಸಿ, ಮೈಮೇಲಿನ ಬಟ್ಟೆ, ಮೈತೂಕದ ಮೇಲೆ ನಿಂತಿದೆ. ಯಾವ ಡಾಕ್ಟರಾದರೂ ಇಂತಿಷ್ಟು ಗಂಟೆಗಳ ನಡುವೆ ಅಂದಾರು, ಅಷ್ಟೇ.

ಬೈಯುವ ಹಕ್ಕು ನನಗಿಲ್ಲ, ಗೊತ್ತು. ನನ್ನ ಎರಡನೇ ಕಾದಂಬರಿಯಲ್ಲಿ ಬಚ್ಚಲಿಗೆ ಲ್ಯೂಮಿನಾಲ್, ಅಂದರೆ ರಕ್ತದ ಕಲೆ ತಾಗಿದರೆ ಹೊಳೆಯುವ ರಾಸಾಯನಿಕ, ಸಿಂಪಡಿಸುತ್ತಾರೆ, ನೆಲವೆಲ್ಲ ನೀಲಿಯಾಗಿ ಹೊಳೆಯುತ್ತದೆ, ಕೆಲಸದವನಿಗೆ ಗಲ್ಲಾಗುತ್ತದೆ. ಒಬ್ಬ ಸಂಪಾದಕರು ಆ ಪುಟವನ್ನೇ ಹಾಡಿ ಹೊಗಳಿದರು. ಅದೇ ವಾರ ಓದುಗರೊಬ್ಬರ ಕಾರ್ಡು ಬಂತು: "ಬ್ಲೀಚ್ ಹಾಕಿ ತೊಳೆದರೂ ಹೊಳೆಯುತ್ತದೆ, ಮೇಡಂ." ಉತ್ತರ ಬರೆಯಲಿಲ್ಲ. ಎರಡನೇ ಮುದ್ರಣದಲ್ಲೂ ತಿದ್ದಲಿಲ್ಲ. ಹೊಗಳಿಕೆ ಅಷ್ಟು ರುಚಿಯಾಗಿತ್ತು. ಕಾರ್ಡು ಇನ್ನೂ ನನ್ನ ಬಳಿ ಇದೆ, ಅವರ ವಿಳಾಸ ಅಳಿಸಿಹೋಗಿದೆ.

ಏಳನೇ ಅಧ್ಯಾಯ ಮತ್ತೆ ಬರೆ. ಹನ್ನೊಂದನೆಯದನ್ನು ಮಾತ್ರ ಮುಟ್ಟಬೇಡ. ತಾಯಿ ಮಗನ ಅಂಗಿಯನ್ನು ಒಗೆದು, ಹರವಿ, ಒಣಗುವ ಮೊದಲೇ ತೆಗೆದು ಇನ್ನೊಮ್ಮೆ ಒಗೆಯುತ್ತಾಳೆ. ಯಾಕೆಂದು ನೀನು ಹೇಳಿಲ್ಲ. ಅಲ್ಲಿ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಕೂತಿದ್ದೆ.

ನಿನ್ನ,
ಅಕ್ಕ