ಮೈ ಬಗ್ಗಿಸಬೇಡ, ಮಂಜು

ತಿಪಟೂರು

ಚಿ. ಮಂಜುನಾಥನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ನಾವು ಕ್ಷೇಮ. ನಿಮ್ಮತ್ತೆಗೆ ಮಂಡಿ ನೋವು ಇದ್ದಿದ್ದೇ. ಫೋನಿನಲ್ಲಿ ಹೇಳಿದರೆ ನೀನು "ಹೂಂ ಮಾವ, ಹೂಂ ಮಾವ" ಅಂತ ಇಟ್ಟುಬಿಡುತ್ತೀಯ. ಹಿಂದೆ ಕಾರ್ ಪಾಲಿಶ್ ಮಿಷನ್ ಸದ್ದು ಬೇರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಓದು.

ಗೌರಿ ಹಬ್ಬಕ್ಕೆ ಬಂದಾಗ ನಿನ್ನನ್ನು ನೋಡಿದೆ. ಕಾಫಿ ಲೋಟ ಎಡಗೈಯಲ್ಲಿ ತಗೊಂಡೆ. ಸ್ನಾನ ಮಾಡಿ ಬಂದು ಅಂಗಿ ಹಾಕಿಕೊಳ್ಳುವಾಗ ಮೊದಲು ಬಲಗೈ ತೋಳಿಗೆ ತೂರಿಸಿ, ಎಡಗೈಯಲ್ಲಿ ಅಂಗಿ ಎಳೆದು ಭುಜಕ್ಕೆ ಏರಿಸಿ, ಆಮೇಲೆ ಎಡಗೈ ಹಾಕಿದೆ. ಹಾಗೆ ಮಾಡುತ್ತಿರುವುದು ನಿನಗೇ ಗೊತ್ತಿಲ್ಲ. ನನಗೆ ಗೊತ್ತಾಗುತ್ತದೆ. ನಾನೂ ಎಂಟು ವರ್ಷ ಹಾಗೇ ಅಂಗಿ ಹಾಕಿಕೊಂಡವನು. ನೋವಿರುವ ಕೈ ಮೊದಲು ಒಳಗೆ ಹೋಗುತ್ತದೆ.

ನಿಮ್ಮಮ್ಮ ಮೊನ್ನೆ ಫೋನ್ ಮಾಡಿ ಇನ್ನೊಂದು ವಿಷಯ ಹೇಳಿದಳು. ದಿಂಬಿನ ಕೆಳಗೆ ಮಾತ್ರೆ ಶೀಟು ಸಿಕ್ಕಿತಂತೆ. ಹತ್ತರಲ್ಲಿ ಎಂಟು ಖಾಲಿ. ಅದರ ಮಾತು ಆಮೇಲೆ.

ನಮ್ಮಪ್ಪ, ಅಂದರೆ ನಿನ್ನ ತಾತ, ಬೆಂಗಳೂರಿಗೆ ಬಸ್ ಹತ್ತಿಸುವಾಗ ನನಗೆ ಹೇಳಿದ್ದು ಒಂದೇ ಮಾತು. "ಮೈ ಬಗ್ಗಿಸಿ ದುಡಿ." ನಾನು ಅಕ್ಷರಕ್ಕೆ ಅಕ್ಷರ ಹಾಗೇ ಮಾಡಿದೆ. 1986ರಲ್ಲಿ ವಿಲ್ಸನ್ ಗಾರ್ಡನ್ ಹತ್ತಿರ ಒಂದು ವಾಟರ್ ಸರ್ವಿಸ್ ಸ್ಟೇಷನ್‌ಗೆ ಸೇರಿದೆ. ಕಾರನ್ನು ಒಳಗೂ ಹೊರಗೂ ತೊಳೆದು ಹೊಳೆಯಿಸೋಕೆ ನೀವು ಈಗ ಡೀಟೇಲಿಂಗ್ ಅಂತೀರಲ್ಲ, ಆಗ ಆ ಮಾತೇ ಇರಲಿಲ್ಲ. ನೀರು ಹೊಡೆಯೋದು, ಗಾಡಿಯ ಕೆಳಭಾಗಕ್ಕೆ ಡೀಸೆಲ್ ಸ್ಪ್ರೇ, ಕೈಯಲ್ಲಿ ಹತ್ತಿ ವೇಸ್ಟ್ ಹಿಡಿದು ಗೀರು ತೆಗೆಯುವ ರಬ್ಬಿಂಗ್ ಕಾಂಪೌಂಡ್ ಉಜ್ಜೋದು, ಮೇಲೆ ಮೇಣದ ಪಾಲಿಶ್. ಅಂಬಾಸಿಡರ್ ಆದರೆ ನಿಂತೇ ಬಾನೆಟ್ ಉಜ್ಜಬಹುದಿತ್ತು. ಮಾರುತಿ 800 ಜಾಸ್ತಿಯಾದ ಮೇಲೆ ಎಲ್ಲಾ ಬಗ್ಗೋ ಕೆಲಸ. ಜನ ಆ ಪುಟ್ಟ ಕಾರನ್ನು ಮುದ್ದಾಡಿದರು, ನನ್ನ ಸೊಂಟ ಮಾತ್ರ ಶಾಪ ಹಾಕಿತು.

ಅಲ್ಲಿ ಒಂದು ಮರದ ಮಣೆ ತಂದು ಅದರ ಮೇಲೆ ಕೂತು ಚಕ್ರ ತೊಳೆಯುತ್ತಿದ್ದೆ. ಮಾಲೀಕ ನೋಡಿ ಮಣೆಯನ್ನು ಕಾಲಲ್ಲಿ ಒದ್ದ. "ಗಿರಾಕಿ ನೋಡಿದರೆ ಏನಂದ್ಕೋತಾನೆ? ಕೂತ್ಕೊಂಡು ಸಂಬಳ ತಗೋತಾನೆ ಅಂತಾನೆ" ಅಂದ. ಆ ಮಾತು ನನ್ನ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತು ಅಂದರೆ, 1998ರಲ್ಲಿ ನನ್ನದೇ ಅಂಗಡಿ ಹಾಕಿದ ಮೇಲೂ ನಾನು ಕೂರಲಿಲ್ಲ. ಯಾರೂ ಒದೆಯುವವರಿರಲಿಲ್ಲ. ಆದರೂ ಕೂರಲಿಲ್ಲ. ನಿನ್ನಲ್ಲೂ ಅದೇ ಚಾಳಿ ಇದೆ ಮಂಜು. ನಿನ್ನ ಅಂಗಡಿಯಲ್ಲಿ ಗಿರಾಕಿಗೆ ಸೋಫಾ ಇದೆ, ಏಸಿ ಇದೆ, ಕಾಫಿ ಮಿಷನ್ ಇದೆ. ಕೆಲಸ ಮಾಡುವವನಿಗೆ ಒಂದು ಸ್ಟೂಲ್ ಇಲ್ಲ.

ಟೈರ್ ಅಂಗಡಿಯವರ ಹತ್ತಿರ ಕೆಳಗೆ ಚಕ್ರ ಇರುವ ಗಿಡ್ಡ ಸ್ಟೂಲ್ ಇರುತ್ತದಲ್ಲ, ಜೆ.ಸಿ. ರೋಡಿನಲ್ಲಿ ಹುಡುಕಿ ಅಂಥದ್ದು ಎರಡು ತಗೊ. ಚಕ್ರ, ಬಂಪರ್, ಬಾಗಿಲಿನ ಕೆಳಗಿನ ಅರ್ಧ, ಇವಿಷ್ಟನ್ನು ಕೂತೇ ಮಾಡಬೇಕು. ಕಾರಿನ ಸುತ್ತ ಸ್ಟೂಲ್ ಉರುಳಿಸಿಕೊಂಡು ಹೋಗು. ಒಳಗೆ ವ್ಯಾಕ್ಯೂಮ್ ಹಿಡಿಯುವಾಗ ಒಂದು ಮಂಡಿ ಬಾಗಿಲ ಪಟ್ಟಿ ಮೇಲೆ ಊರಿ, ಸೊಂಟ ತಿರುಚಿ ಆಚೆ ಸೀಟಿನ ತನಕ ಕೈ ಚಾಚುತ್ತೀಯ. ನಾನು ನೋಡಿದ್ದೇನೆ. ಸುತ್ತಿಕೊಂಡು ಹೋಗಿ ಆಚೆ ಬಾಗಿಲು ತೆಗೆಯೋಕೆ ಹತ್ತು ಹೆಜ್ಜೆ ಆಗುತ್ತದೆ, ಅಷ್ಟೇ.

ನೀರಿನ ಬಕೆಟ್ಟೂ ಹಾಗೇ. ಇಪ್ಪತ್ತು ಲೀಟರ್ ಅಂದರೆ ಇಪ್ಪತ್ತು ಕೆಜಿ. ಅರ್ಧ ತುಂಬಿಸು, ಇಲ್ಲಾ ಉರುಳುವ ಹಲಗೆ ಮೇಲೆ ಇಡು. 2024ರ ಬೇಸಿಗೆಯಲ್ಲಿ ಕುಡಿಯುವ ನೀರಲ್ಲಿ ಕಾರ್ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದಾಗ ನೀನು ಎಷ್ಟು ಬೈದೆ! ಆಗ ತಾನೇ ಒಂದೇ ಬಕೆಟ್ಟಿನಲ್ಲಿ, ಜಾಲಿಸದೇ ಒರೆಸುವ ಲಿಕ್ವಿಡ್ ತಂದಿದ್ದು? ಧೂಳಷ್ಟೇ ಕೂತಿರುವ ಗಾಡಿಗೆ ಅದನ್ನೇ ಮುಂದುವರಿಸು. ನೀರಿಗಿಂತ ಜಾಸ್ತಿ ನಿನ್ನ ಸೊಂಟ ಉಳಿಯುತ್ತದೆ. ಕೆಸರಾದ ಗಾಡಿಗೆ ಬೇಡ, ಗೀರು ಬೀಳುತ್ತದೆ. ಅದನ್ನು ನಿನಗೆ ನಾನು ಹೇಳಬೇಕಾ!

ಈಗ ಮಿಷನ್ ವಿಷಯ. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದರೆ ನನ್ನ ಕೈ ಹೋಗಿದ್ದು ಇದರಿಂದಲೇ.

ನನಗೆ ಐವತ್ತು ದಾಟಿದ ಮೇಲೆ ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಮರಗಟ್ಟಿ ಇರುವೆ ಹರಿದ ಹಾಗೆ. ಕಿರುಬೆರಳಿಗೆ ಮಾತ್ರ ಏನೂ ಇಲ್ಲ. ಎದ್ದು ಕೂತು ಕೈಯನ್ನು ಥರ್ಮಾಮೀಟರ್ ಕೊಡವಿದ ಹಾಗೆ ಕೊಡವಿದರೆ ಹತ್ತು ನಿಮಿಷಕ್ಕೆ ಸರಿ ಹೋಗುತ್ತಿತ್ತು. ಸರಿ ಹೋಯಿತಲ್ಲ ಅಂತ ಸುಮ್ನೆ ಮಲಗುತ್ತಿದ್ದೆ. ಎರಡು ವರ್ಷ ಹೀಗೇ ತಳ್ಳಿದೆ. ಆಮೇಲೆ ಅಂಗಿ ಗುಂಡಿ ಹಾಕೋಕೆ ಆಗಲಿಲ್ಲ. ಡಾಕ್ಟರ್ ನನ್ನ ಹೆಬ್ಬೆರಳಿನ ಬುಡ ಒತ್ತಿ ತೋರಿಸಿದರು. ಎಡಗೈಯಲ್ಲಿ ಅಲ್ಲಿ ದಪ್ಪ ಮಾಂಸ, ಬಲಗೈಯಲ್ಲಿ ಗುಳಿ. ಮಣಿಕಟ್ಟಿನಲ್ಲಿ ನರ ಒತ್ತಿ ಹೋಗಿದೆ, ಕಾರ್ಪಲ್ ಟನಲ್ ಅಂತ ಹೇಳಿದರು. ಆಪರೇಷನ್ ಆಯಿತು. ಜೋಮು ಹೋಯಿತು, ಮಾಂಸ ಪೂರ್ತಿ ಬರಲಿಲ್ಲ. ಈಗಲೂ ತೆಂಗಿನಕಾಯಿ ಒಡೆಯೋದು ನಿಮ್ಮತ್ತೆಯೇ.

ನಿನಗೆ ರಾತ್ರಿ ಜೋಮು ಬರುತ್ತಾ? ಬಂದರೆ ಈ ವಾರವೇ ತೋರಿಸು. ಶುರುವಿನಲ್ಲಿ ಹೋದರೆ ರಾತ್ರಿ ಮಲಗುವಾಗ ಮಣಿಕಟ್ಟು ನೆಟ್ಟಗಿರುವಂತೆ ಒಂದು ಪಟ್ಟಿ ಕಟ್ಟಿಕೊಳ್ಳೋಕೆ ಹೇಳುತ್ತಾರೆ. ಎಷ್ಟೋ ಜನಕ್ಕೆ ಅಷ್ಟರಲ್ಲೇ ಕಡಿಮೆ ಆಗುತ್ತದೆ.

ಮಿಷನ್ ಡಬ್ಬಿಯಲ್ಲಿ ಬರುವ ಪುಸ್ತಕ ಎಸೆದಿದ್ದೀಯಾ? ಅದರಲ್ಲಿ ವೈಬ್ರೇಷನ್ ಅಂತ ಒಂದು ಅಂಕಿ ಇರುತ್ತದೆ, ಮೀಟರ್ ಪರ್ ಸೆಕೆಂಡ್ ಸ್ಕ್ವೇರ್ ಲೆಕ್ಕದಲ್ಲಿ. ಯುರೋಪಿನಲ್ಲಿ ಇದಕ್ಕೆ ಕಾನೂನೇ ಇದೆ. ದಿನದ 8 ಗಂಟೆಗೆ ಸರಾಸರಿ 2.5 ಮುಟ್ಟಿದರೆ ಮಾಲೀಕ ಅದನ್ನು ಇಳಿಸುವ ದಾರಿ ನೋಡಬೇಕು, 5 ದಾಟುವ ಹಾಗೇ ಇಲ್ಲ. ನಿನ್ನ ಮಿಷನ್ ಅಂಕಿ 5 ಇದ್ದರೆ, ಎರಡು ಗಂಟೆ ಹಿಡಿದರೆ ಆ 2.5 ಮುಗಿಯಿತು. ನೀನು ಒಂದು ಎಸ್‌ಯುವಿ ಕಾಂಪೌಂಡ್ ಹೊಡೆಯೋಕೆ ಎಷ್ಟು ಹೊತ್ತು ಹಿಡಿಯುತ್ತೀಯ, ನೀನೇ ಹೇಳು. ಹಾಗಾಗಿ ಮಿಷನ್ ಹಿಡಿಯೋದು ದಿನಕ್ಕೆ ಎರಡು ಗಂಟೆ ಅಂತ ಇಟ್ಟುಕೊ. ಉಳಿದದ್ದನ್ನು ಹುಡುಗರಿಗೆ ಕಲಿಸು. "ಅವರು ಹಾಳು ಮಾಡ್ತಾರೆ ಮಾವ" ಅಂತೀಯ. ನೀನು ಮಿಷನ್ ಹಿಡಿದು ಎಷ್ಟು ಬಾನೆಟ್ ಅಂಚಿನ ಪೇಂಟ್ ಸುಟ್ಟಿದ್ದೀಯ ಅಂತ ನನ್ನ ಹತ್ತಿರ ಲೆಕ್ಕ ಇದೆ. ಆ ಎರಡು ಗಂಟೆ ನಿಯಮ ಹುಡುಗರಿಗೂ ಅಷ್ಟೇ. ಸರದಿ ಮೇಲೆ ಹಿಡಿಯಲಿ.

ಇನ್ನೊಂದು. ಸುತ್ತುತ್ತಾ ಅಲುಗಾಡುವ ಈ ಡಿಎ ಪಾಲಿಶ್ ಮಿಷನ್ ಮೇಲೆ ಭಾರ ಹಾಕಬೇಡ. ಬರೀ ಸುತ್ತುವ ಹಳೇ ರೋಟರಿ ಮಿಷನ್ ಹಿಡಿದ ಕೈ ನಿನ್ನದು, ಒತ್ತದೇ ಇದ್ದರೆ ಕೆಲಸ ಆಗಲ್ಲ ಅನ್ನಿಸುತ್ತದೆ. ಪ್ಯಾಡ್ ಕೂರಿಸುವ ತಟ್ಟೆಯ ಅಂಚಿನ ಮೇಲೆ ಮಾರ್ಕರಿನಲ್ಲಿ ಒಂದು ಗೆರೆ ಎಳೆ. ಓಡುವಾಗ ಆ ಗೆರೆ ಸುತ್ತುತ್ತಿದ್ದರೆ ಸರಿ. ನಿಂತುಬಿಟ್ಟರೆ ನೀನು ಒತ್ತುತ್ತಿದ್ದೀಯ ಅಂತ ಅರ್ಥ. ಆಗ ಪಾಲಿಶ್ ಆಗಲ್ಲ, ನಡುಕ ಮಾತ್ರ ಕೈಗೆ ಬರುತ್ತದೆ. ಬಿಗಿಯಾಗಿ ಹಿಡಿದಷ್ಟೂ ನಡುಕ ಜಾಸ್ತಿ. ಸವೆದ ಪ್ಯಾಡ್, ಅಳತೆ ತಪ್ಪಿದ ತಟ್ಟೆ ಹಾಕಿದರೂ ಅಷ್ಟೇ. ವಯರನ್ನು ಭುಜದ ಮೇಲೆ ಹಾಕಿಕೊ, ಅದರ ತೂಕ ಮಣಿಕಟ್ಟಿಗೆ ನೇತಾಡಬಾರದು.

ಕತ್ತು ನೋವು ಅಂತಲೂ ಅಂದೆಯಲ್ಲ. ಅದಕ್ಕೆ ನೀನು ಎಣ್ಣೆ ತಿಕ್ಕಿಸುತ್ತಿದ್ದೀಯ. ನನಗನ್ನಿಸುವುದು ಬೇರೆ. ನಿನಗೆ 43 ಆಯಿತು. ಚಾಳೀಸು ಬಂದಿದೆ ಮಗನೇ! ಹಬ್ಬದ ದಿನ ಪಂಚಾಂಗವನ್ನು ಕೈ ಚಾಚಿ ದೂರ ಹಿಡಿದು ಓದಿದೆ. ಕಾರಿನ ಮೈ ಮೇಲಿನ ಸಣ್ಣ ಗೀರು ಹತ್ತಿರದಿಂದ ಮಸುಕಾಗಿ ಕಾಣುತ್ತದೆ. ಕಾಣಲಿ ಅಂತ ಕತ್ತು ಹಿಂದೆ ಮುಂದೆ ಮಾಡುತ್ತೀಯ, ಗಲ್ಲ ಎತ್ತುತ್ತೀಯ, ಲೈಟು ಹಿಡಿದು ಮತ್ತೆ ಬಗ್ಗುತ್ತೀಯ. ದಿನಕ್ಕೆ ಇನ್ನೂರು ಸಲ. ಕನ್ನಡಕ ಮಾಡಿಸು. ಅಂಗಡಿಯಲ್ಲಿ ಹಾಕಿಕೊಳ್ಳೋಕೆ ನಾಚಿಕೆ ಅಂದರೆ ಹುಡುಗರಿಗೆ ಸೇಫ್ಟಿ ಕನ್ನಡಕ ಅಂತ ಹೇಳು. ನಾನು ಹಾಗೇ ಹೇಳುತ್ತಿದ್ದೆ.

ಭುಜಕ್ಕೆ ಬಂದರೆ, ಕೈ ಮೇಲೆತ್ತೋಕೆ ಆಗದೇ ಹಿಡಿದುಕೊಂಡಿದ್ದರೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ ಸಕ್ಕರೆ ನೋಡಿಸು. ಸಕ್ಕರೆ ಕಾಯಿಲೆ ಇರುವವರಿಗೆ ಭುಜ ಬಿಗಿಯೋದು ಜಾಸ್ತಿ. ನಮ್ಮ ಮನೆತನದಲ್ಲಿ ಅದು ಇದೆ ಅಂತ ನಿನಗೂ ಗೊತ್ತು. ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರ್ ಇದ್ದಾರೆ, ಸರ್ಕಾರಿ ಆಸ್ಪತ್ರೆ ಅಂತ ಮೂಗು ಮುರಿಯಬೇಡ. ಆ ಮಾತ್ರೆ ಮಾತ್ರ ನಿಲ್ಲಿಸು. ಮೆಡಿಕಲ್ ಸ್ಟೋರಿನವನು ಕೊಟ್ಟ ಅಂತ ದಿನಾ ನುಂಗೋಕೆ ಅದೇನು ಪೆಪ್ಪರಮೆಂಟಾ? ಹೊಟ್ಟೆ ಹುಣ್ಣಾಗುತ್ತದೆ, ಕಿಡ್ನಿಗೂ ಪೆಟ್ಟು. ಅದಕ್ಕಿಂತ ಹೆಚ್ಚಾಗಿ, ನೋವು ಮುಚ್ಚಿಹೋದ ಮೇಲೆ ನೀನು ಅದೇ ಕೈಯಲ್ಲಿ ಇನ್ನೊಂದು ಕಾರ್ ಉಜ್ಜುತ್ತೀಯ.

ದುಡ್ಡಿನ ಮಾತೂ ಆಡಬೇಕು. ಇನ್ನೋವಾ ಒಂದಕ್ಕೆ ತೊಳೆದು, ಅಂಟಿದ ಕೊಳೆ ತೆಗೆಯೋಕೆ ಕ್ಲೇ ಎಳೆದು, ಕಾಂಪೌಂಡ್, ಪಾಲಿಶ್ ಮಾಡಿ, ಮೇಲೆ ಸೆರಾಮಿಕ್ ಕೋಟಿಂಗ್ ಹಾಕಿ, ಬೆಳಗ್ಗೆ ಬಂದ ಗಾಡಿ ರಾತ್ರಿ ಕೊಡುತ್ತೇನೆ ಅಂತ ಯಾಕೆ ಒಪ್ಪುತ್ತೀಯ? ಎರಡು ದಿನ ಅಂತ ಹೇಳು. ಒಂದು ರಾತ್ರಿ ಗಾಡಿ ಬಿಡೋಕಾಗದ ಗಿರಾಕಿ ಎದುರು ರಸ್ತೆಯ ಅಂಗಡಿಗೆ ಹೋಗಲಿ. ಒಬ್ಬಿಬ್ಬರು ಹೋಗುತ್ತಾರೆ, ಸುಳ್ಳು ಹೇಳಲ್ಲ. ನಾನು 52ನೇ ವಯಸ್ಸಿನಲ್ಲಿ ಹೀಗೆ ಮಾಡಿದಾಗ ಆ ವರ್ಷ ಕೈ ಬಿಗಿಯಾಯಿತು. ಮರುವರ್ಷ ಸರಿ ಹೋಯಿತು.

ನಿನ್ನ ಅಂಗಡಿಯಲ್ಲಿ ಆರೇ ಜನ, ಇಎಸ್ಐ ವಿಮೆ ಕಡ್ಡಾಯ ಆಗೋದಿಲ್ಲ. ಅಟಲ್ ಪಿಂಚಣಿಗೆ 40ರ ಒಳಗೇ ಸೇರಬೇಕಿತ್ತು, ನಿನಗೆ ತಪ್ಪಿತು. ಆಗಲೇ ಹೇಳಿದ್ದೆ, ನೆನಪಿದೆಯಾ? ನಿನ್ನ ಹೆಂಡತಿಗೆ ಇನ್ನೂ 38. ಅವಳು ಆದಾಯ ತೆರಿಗೆ ಕಟ್ಟುವವಳಲ್ಲ. ಸೋಮವಾರ ಬ್ಯಾಂಕಿಗೆ ಕರೆದುಕೊಂಡು ಹೋಗಿ ಅವಳ ಹೆಸರಲ್ಲಿ ಮಾಡಿಸು. 60 ಆದ ಮೇಲೆ ತಿಂಗಳಿಗೆ 5,000 ಬರುವ ಹಾಗೆ ಕಟ್ಟಬಹುದು. ಹುಡುಗರನ್ನೂ ಸೇರಿಸು.

ಕೊನೆಗೆ, ನಾನು ನಿನಗೆ ಇದುವರೆಗೂ ಸರಿಯಾಗಿ ಹೇಳದ ಒಂದು ವಿಷಯ. 2009ರಲ್ಲಿ ನನ್ನ ಕೈ ಮುರಿದಿದ್ದು ಬೈಕಿನಿಂದ ಬಿದ್ದು ಅಂತ ನಿಮಗೆಲ್ಲ ಹೇಳಿದ್ದೆ. ಬೈಕಲ್ಲ. ಆಯುಧ ಪೂಜೆಗೆ ಎರಡು ದಿನ ಇತ್ತು. ಅಂಗಡಿ ಮುಂದೆ ಹನ್ನೊಂದು ಗಾಡಿ ನಿಂತಿದ್ದವು. ಒಂದು ಇನ್ನೋವಾದ ರೂಫ್ ನಡುಭಾಗ ಕೈಗೆ ಎಟುಕುತ್ತಿರಲಿಲ್ಲ. ಖಾಲಿ ಪೇಂಟ್ ಡಬ್ಬ ಬೋರಲು ಹಾಕಿ ಅದರ ಮೇಲೆ ಹತ್ತಿದೆ. ನೆಲದ ಮೇಲೆಲ್ಲ ಶಾಂಪೂ ನೊರೆ. ಡಬ್ಬ ಜಾರಿತು. ಕೈ ಊರಿ ಬಿದ್ದೆ. ಮಣಿಕಟ್ಟು ಮುರಿಯಿತು. ಬಿದ್ದ ತಕ್ಷಣ ನಾನು ಮಾಡಿದ್ದೇನು ಗೊತ್ತಾ? ಮಿಷನ್ ತಗುಲಿ ಬಾಗಿಲಿಗೆ ಗೀರು ಬಿತ್ತಾ ಅಂತ ನೋಡಿದೆ. ಆರು ವಾರ ಅಂಗಡಿ ಮುಚ್ಚಿತು. ಡಬ್ಬದಿಂದ ಬಿದ್ದೆ ಅಂತ ಹೇಳಿಕೊಳ್ಳೋಕೆ ನಾಚಿಕೆಯಾಗಿ ಬೈಕ್ ಕಥೆ ಕಟ್ಟಿದೆ.

ಈಗಿನ ಫಾರ್ಚೂನರ್ ಆರಡಿ ಎತ್ತರ. ನಿನ್ನ ಎತ್ತರ ಐದೂವರೆಗೂ ಕಡಿಮೆ. ನಿನ್ನ ಅಂಗಡಿಯ ಮೂಲೆಯಲ್ಲಿ ಬಿಳಿ ಪೇಂಟ್ ಡಬ್ಬ ಒಂದು ಬೋರಲು ಬಿದ್ದಿರುವುದನ್ನು ಕಳೆದ ಸಲ ಬಂದಾಗ ನೋಡಿದ್ದೇನೆ. ತಳದಲ್ಲಿ ಚಪ್ಪಲಿ ಗುರುತು ಇತ್ತು.

ಇಲ್ಲಿ ನಮ್ಮ ಬೀದಿಯಲ್ಲಿ ವೆಲ್ಡಿಂಗ್ ಅಂಗಡಿಯವನು ತೆಂಗಿನಕಾಯಿ ಲಾರಿಗಳಿಗೆ ಏಣಿ ಮಾಡಿಕೊಡುತ್ತಾನೆ. ಹೆಚ್ಚುಕಡಿಮೆ ಎರಡಡಿ ಎತ್ತರ, ನಾಲ್ಕಡಿ ಉದ್ದದ ಒಂದು ಅಟ್ಟಣೆ ಮಾಡು ಅಂತ ಹೇಳಿದ್ದೇನೆ. ಎರಡು ಮೆಟ್ಟಿಲು, ಮೇಲೆ ಜಾರದ ಗೀರು ತಗಡು, ಕಾಲಿಗೆ ರಬ್ಬರ್ ಬೂಟು. ದುಡ್ಡು ಆಗಲೇ ಕೊಟ್ಟಾಯಿತು, ಬೇಡ ಅನ್ನಬೇಡ. ಆಯುಧ ಪೂಜೆಗೆ ಒಂದು ವಾರ ಮುಂಚೆ ಕಾಯಿ ಲಾರಿಯಲ್ಲೇ ಹಾಕಿಸಿ, ನಾನು ರೈಲಿಗೆ ಬರುತ್ತೇನೆ. ಹಬ್ಬ ಮುಗಿಯುವ ತನಕ ಇರುತ್ತೇನೆ, ಗಲ್ಲಾದಲ್ಲಿ ಕೂತು ಗಿರಾಕಿಗಳ ಹತ್ತಿರ ನಾನೇ ಮಾತಾಡುತ್ತೇನೆ.

ಸರಿಯಾದ ಎತ್ತರ ಮಾತ್ರ ಇನ್ನೂ ಖಚಿತ ಮಾಡಿಲ್ಲ. ನೆಲದಿಂದ ನಿನ್ನ ಮೊಣಕೈ ತನಕ ಎಷ್ಟು ಇಂಚು ಅಂತ ಹುಡುಗರ ಕೈಲಿ ಅಳೆಸಿ ನಾಳೆ ಫೋನ್ ಮಾಡು. ನೆಟ್ಟಗೆ ನಿಂತುಕೊ. ಕೆಲಸಕ್ಕೆ ಹಾಕುವ ಬೂಟು ಹಾಕಿಕೊಂಡೇ ಅಳೆಸು.

ಇಂತಿ ನಿನ್ನ
ಮಾವ