ಪಿನ್ ನೋಡಿ ಕೇಬಲ್ ಕೊಡುವುದನ್ನು ನಿಲ್ಲಿಸುತ್ತಿದ್ದೇವೆ

ಆತ್ಮೀಯ ಗ್ರಾಹಕರೇ,

ಬರುವ ತಿಂಗಳ 1ರಿಂದ ನಮ್ಮ ಪೀಣ್ಯದ ಅಂಗಡಿಯಲ್ಲಿ ಐಸೊಲೇಶನ್ (ಎರಡು ತುದಿಗಳ ನಡುವೆ ಕರೆಂಟ್ ನೇರವಾಗಿ ಹರಿಯದಂತೆ ತಡೆ) ಇಲ್ಲದ ಯುಎಸ್‌ಬಿ ಪ್ರೋಗ್ರಾಮಿಂಗ್ ಕೇಬಲ್ ಮಾಡುವುದಿಲ್ಲ. ಈ ಕೇಬಲ್ ಲ್ಯಾಪ್‌ಟಾಪಿಗೆ ಜೋಡಿಸುವ ಪಿಎಲ್‌ಸಿಯ (ಮೆಷಿನ್ ನಡೆಸುವ ಪುಟ್ಟ ಕಂಪ್ಯೂಟರಿನ) ಪೂರ್ತಿ ಮಾಡೆಲ್ ನಂಬರ್ ಹೇಳದೆ ಯಾವ ಕೇಬಲನ್ನೂ ಕೊಡುವುದಿಲ್ಲ. ಮೊದಲನೆಯದರಿಂದ ಬೆಲೆ ಏರುತ್ತದೆ, ಎರಡನೆಯದರಿಂದ ನಿಮಗೆ ಕಿರಿಕಿರಿ. ಎರಡಕ್ಕೂ ಕ್ಷಮೆ ಇರಲಿ.

ಆದರೆ ಒಂದು ಮಾತು ಕೇಳಿ ಕೇಳಿ ಸಾಕಾಗಿದೆ: 'ಬರೀ ವೈರ್ ಅಲ್ವಾ, ಎಸ್.ಪಿ. ರೋಡಲ್ಲಿ ಅರ್ಧ ಬೆಲೆಗೆ ಸಿಗುತ್ತೆ.' ಸಿಗುತ್ತದೆ, ಇಲ್ಲ ಎನ್ನುವುದಿಲ್ಲ. ಒಳಗೆ ಏನಿದೆ ಎಂದು ಒಮ್ಮೆ ಬಿಚ್ಚಿ ನೋಡಿ.

ಮಿತ್ಸುಬಿಷಿ ಎಫ್‌ಎಕ್ಸ್ ಪಿಎಲ್‌ಸಿಗೂ ಡೆಲ್ಟಾ ಡಿವಿಪಿ ಪಿಎಲ್‌ಸಿಗೂ ಅದೇ ದುಂಡನೆಯ 8 ಪಿನ್ನಿನ ಕನೆಕ್ಟರ್. ನೋಡಲು ಅವಳಿ ಜವಳಿ. ಸಿಗ್ನಲ್ ಕಳಿಸುವ ರೀತಿ ಮಾತ್ರ ಬೇರೆ: ಮೊದಲನೆಯದರಲ್ಲಿ ಆರ್‌ಎಸ್-422, ಎರಡನೆಯದರಲ್ಲಿ ಆರ್‌ಎಸ್-232. ಒಂದರ ಕೇಬಲ್ ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದೆ. ಅದೃಷ್ಟ ಇದ್ದರೆ ಸುಮ್ನೆ ಕನೆಕ್ಟ್ ಆಗುವುದಿಲ್ಲ, ಇಲ್ಲದಿದ್ದರೆ ಪೋರ್ಟೇ ಹೋಗುತ್ತದೆ. ಸೀಮೆನ್ಸ್ ಎಸ್7-200ರದು ಇನ್ನೂ ಮೋಸದ್ದು. ಹಳೆ ಕಂಪ್ಯೂಟರಿನ ಸೀರಿಯಲ್ ಪೋರ್ಟಿನಂತೆ 9 ಪಿನ್. ಆದರೆ ಅದು ಆರ್‌ಎಸ್-485, 3 ಮತ್ತು 8ರಲ್ಲಿ ಡೇಟಾ, 7ನೇ ಪಿನ್ನಿನಲ್ಲಿ 24 ವೋಲ್ಟ್. ಅಲ್ಲಿಗೆ ಸಾದಾ ಸೀರಿಯಲ್ ಕೇಬಲ್ ಚುಚ್ಚಿ, ಆಮೇಲೆ ನಮಗೆ ಫೋನ್ ಮಾಡಿ ಬೈದವರಿದ್ದಾರೆ. ಕೇಬಲ್ ನಮ್ಮದೂ ಆಗಿರಲಿಲ್ಲ. ಅದಕ್ಕೇ ಮಾಡೆಲ್ ನಂಬರ್ ಕೇಳುವುದು. ಜೊತೆಗೆ ಪೋರ್ಟಿನ ಫೋಟೋ ಕಳಿಸಿದರೆ ಇನ್ನೂ ಒಳ್ಳೆಯದು.

ಇನ್ನು ಐಸೊಲೇಶನ್. ಲ್ಯಾಪ್‌ಟಾಪ್ ಚಾರ್ಜರಿನಲ್ಲಿರುತ್ತದೆ, ಪ್ಯಾನೆಲ್ಲಿನಲ್ಲಿ ಮೋಟರ್ ನಡೆಸುವ ಡ್ರೈವ್ ಓಡುತ್ತಿರುತ್ತದೆ, ಪಕ್ಕದ ಶೆಡ್ಡಿನಲ್ಲಿ ವೆಲ್ಡಿಂಗ್ ನಡೆಯುತ್ತಿರುತ್ತದೆ. ಎರಡು ಕಡೆಯ ಗ್ರೌಂಡ್ ಒಂದೇ ಮಟ್ಟದಲ್ಲಿ ಇಲ್ಲದಿದ್ದರೆ ಆ ವ್ಯತ್ಯಾಸದ ಕರೆಂಟ್ ಹರಿಯುವುದು ನಿಮ್ಮ ಕೇಬಲಿನ ಗ್ರೌಂಡ್ ವೈರಿನಲ್ಲೇ. ಮೊದಲು ಸಾಯುವುದು ಯುಎಸ್‌ಬಿ ಪೋರ್ಟೋ, ಪಿಎಲ್‌ಸಿ ಪೋರ್ಟೋ ಎಂದು ಯಾರೂ ಹೇಳಲಾರರು. ಆ ದಾರಿ ಕತ್ತರಿಸಲು ಒಳಗೆ ಐಸೊಲೇಟರ್ ಚಿಪ್ ಬೇಕು, ಅದರ ಆಚೆ ಕಡೆಗೆ ಬೇರೆ ಪವರ್ ಕೊಡಲು ಪುಟ್ಟ ಡಿಸಿ-ಡಿಸಿ ಕನ್ವರ್ಟರ್ ಬೇಕು. ಎರಡೂ ಡಾಲರಿನಲ್ಲಿ ಬರುತ್ತವೆ. ತಾಮ್ರದ ಕಥೆ ನಿಮಗೇ ಗೊತ್ತು, 2024ರ ಮೇನಲ್ಲಿ ಲಂಡನ್ ಎಕ್ಸ್‌ಚೇಂಜಿನಲ್ಲಿ ಟನ್ನಿಗೆ 11,000 ಡಾಲರ್ ದಾಟಿತ್ತು. ಬಿಲ್ಲಿನಲ್ಲಿ ಕಾಣುವ 18% ಜಿಎಸ್‌ಟಿ ನಮ್ಮ ಜೇಬಿಗೆ ಬರುವುದಲ್ಲ. ಅದನ್ನೂ ನಮ್ಮ ಲೆಕ್ಕಕ್ಕೇ ಬರೆಯುತ್ತಾರಲ್ಲ, ಅದು ಬೇಜಾರು.

ಯುಎಸ್‌ಬಿಯನ್ನು ಸೀರಿಯಲ್ ಮಾಡುವ ಚಿಪ್ ವಿಷಯದಲ್ಲೂ ಅಷ್ಟೇ. 2014ರಲ್ಲಿ ವಿಂಡೋಸ್ ಅಪ್‌ಡೇಟ್ ಜೊತೆ ಬಂದ ಎಫ್‌ಟಿಡಿಐ (ಇಂಥ ಚಿಪ್ ಮಾಡುವ ಕಂಪನಿ) ಡ್ರೈವರ್ ನಕಲಿ ಚಿಪ್‌ಗಳ ಐಡಿಯನ್ನೇ ಸೊನ್ನೆ ಮಾಡಿಬಿಟ್ಟಿತ್ತು. ನಿನ್ನೆ ಓಡುತ್ತಿದ್ದ ಕೇಬಲ್ ಇವತ್ತು ಕಾಣುವುದೇ ಇಲ್ಲ! ನಾವು ಅಸಲಿ ಚಿಪ್ಪನ್ನೇ ಹಾಕುತ್ತೇವೆ, ಹಾಕಿದ್ದೇವೆ. ಇದನ್ನು ಜಂಬದಿಂದಲೇ ಹೇಳುತ್ತೇವೆ.

ಮಾಡ್‌ಬಸ್‌ಗೆ (ಹಲವು ಉಪಕರಣಗಳು ಒಂದೇ ಲೈನಿನಲ್ಲಿ ಮಾತಾಡುವ ಪದ್ಧತಿ) ಉದ್ದ ಕೇಬಲ್ ಎಳೆಯುವವರಿಗೆ ಏನೂ ಬದಲಾವಣೆ ಇಲ್ಲ. ಶೀಲ್ಡ್ ಇರುವ ಟ್ವಿಸ್ಟೆಡ್ ಪೇರ್ ಮೊದಲಿನಂತೆ ಮೀಟರ್ ಲೆಕ್ಕ. ಲೈನಿನ ಎರಡು ತುದಿಗೆ ಹಾಕುವ 120 ಓಮ್ ರೆಸಿಸ್ಟರ್ ಈಗಲೂ ಪುಕ್ಕಟೆ. ಎರಡೇ ತುದಿಗೆ, ದಯವಿಟ್ಟು ಲೈನಿನಲ್ಲಿರುವ ಪ್ರತಿ ಉಪಕರಣಕ್ಕೂ ಹಾಕಬೇಡಿ. ಪ್ರೊಫಿಬಸ್‌ನ (ಇಂಥದ್ದೇ ಇನ್ನೊಂದು ಪದ್ಧತಿ) ನೇರಳೆ ಕೇಬಲ್ ಕೊಂಡರೆ ಈ ರೆಸಿಸ್ಟರ್ ನಡೆಯುವುದಿಲ್ಲ, ಅದು 150 ಓಮಿನದು, ಅದರ ಕನೆಕ್ಟರಿನಲ್ಲೇ ಟರ್ಮಿನೇಶನ್ (ತುದಿಯ ರೆಸಿಸ್ಟರ್) ಸ್ವಿಚ್ ಇರುತ್ತದೆ.

ಈ ತಿಂಗಳ ಕೊನೆಯೊಳಗೆ ಆರ್ಡರ್ ಕೊಟ್ಟವರಿಗೆ ಹಳೆ ಬೆಲೆಯೇ. ನಮ್ಮಲ್ಲೇ ಕೊಂಡ ಹಳೆ ಕೇಬಲ್‌ಗಳ ರಿಪೇರಿ ನಿಲ್ಲುವುದಿಲ್ಲ, ಬಿಲ್ ಕಳೆದುಹೋಗಿದ್ದರೂ ತನ್ನಿ, ನಮ್ಮ ಬೆಸುಗೆ ನಮಗೆ ಗುರುತು ಸಿಗುತ್ತದೆ. ಮೆಷಿನ್ ನಿಂತಿದ್ದರೆ ಭಾನುವಾರ ಅಂತ ಸಂಕೋಚ ಬೇಡ, ಅದೇ ಹಳೆ ನಂಬರಿಗೆ ಫೋನ್ ಮಾಡಿ. ಮಾಡೆಲ್ ನಂಬರ್ ಮಾತ್ರ ಕೈಯಲ್ಲಿರಲಿ.

ಇಂತಿ,
ನಿಮ್ಮ ಕೇಬಲ್ ಅಂಗಡಿಯವರು